ಝಾಡಿಸದ ಕೌದಿ

ಮಳೆಯೂ ನೆಲವೂ ಮಾತು ಬಿಟ್ಟಿದ್ದ ಕಾಲದಲ್ಲಿ, ಒಂದು ಬಯಲಿನಲ್ಲಿ ಅಕ್ಕತಂಗಿಯರಿಬ್ಬರು ಇದ್ದರು. ದಿನಕ್ಕೆ ಅವರಿಗೆ ಒಂದೇ ತಂಬಿಗೆ ನೀರು. ಮೊದಲು ಮನೆಗೆ ಬಂದವಳು ಅರ್ಧ ಕುಡಿದು ಉಳಿದರ್ಧ ಇನ್ನೊಬ್ಬಳಿಗೆ ಇಡಬೇಕು. ಹನ್ನೆರಡು ವರ್ಷ ಹೀಗೇ ನಡೆಯಿತು. ಒಂದು ದಿನ ಬಿಸಿಲು ವಿಪರೀತ. ಅಕ್ಕ ಮೊದಲು ಬಂದಳು. ಅರ್ಧ ಕುಡಿದಳು, ತಂಬಿಗೆಯೊಳಗೆ ಇಣುಕಿದಳು, ಉಳಿದದ್ದನ್ನೂ ಕುಡಿದುಬಿಟ್ಟಳು. ಆಮೇಲೆ ಬಾಗಿಲಲ್ಲಿ ಕೂತು ತಂಗಿಯ ದಾರಿ ಕಾದಳು. ತಂಗಿ ಬರಲೇ ಇಲ್ಲ. ಅವತ್ತೇ ದಾರಿಯಲ್ಲಿ ಅವಳಿಗೆ ಮನಸ್ಸಿಗೆ ಹಿಡಿಸುವಂಥವನೊಬ್ಬ ಸಿಕ್ಕಿದ್ದ. ಅವನ ಜೊತೆ ಹೊಳೆಯ ದಂಡೆಗೆ ಹೋಗಿ ಮನೆ ಮಾಡಿದಳು, ಮತ್ತೆಂದೂ ಬಾಯಾರಲಿಲ್ಲ.

“ಈಗ ಹೇಳ್ರಿ. ಅಕ್ಕ ತಪ್ಪು ಮಾಡಿದಳೋ, ಇಲ್ಲೋ?”

ಇದು ನಮ್ಮ ಆಯಿ ಮರಿಲಿಂಗಮ್ಮ, ಅಂದರೆ ನನ್ನ ಅಪ್ಪನ ತಾಯಿ, ಹೇಳಿದ ಕೊನೆಯ ಕಥೆ. ಕೇಳಿದವಳು ನಾನೊಬ್ಬಳೇ.

ಆಯಿಯ ಕಥೆಗಳೆಲ್ಲ ಹೀಗೇ ಒಂದು ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಿದ್ದವು. ಕಥೆಗೆಂದೇ ಅವಳದೊಂದು ಹಳೆಯ ಕೌದಿ ಇತ್ತು, ಮೂರು ತಲೆಮಾರಿನ ಸೀರೆಯ ತುಂಡು ಕೂಡಿಸಿ ಹೊಲಿದದ್ದು. ಅದನ್ನು ಪಡಸಾಲೆಯಲ್ಲಿ ಹಾಸಿ ಕೂತರೆ ಓಣಿಯ ಹೆಣ್ಣುಮಕ್ಕಳು ಸುತ್ತ ಸೇರುತ್ತಿದ್ದರು. ಕಥೆ ಮುಗಿದ ಮೇಲೆ ಕೌದಿ ಝಾಡಿಸಿ, ಧೂಳು ಕೊಡವಿ, ಮಡಚಿ ಒಳಗಿಡುತ್ತಿದ್ದಳು. ಆದರೆ ಕಥೆ ಯಾವಾಗ ಮುಗಿಯಿತು ಅನ್ನುವುದಕ್ಕೆ ಅವಳದೇ ಕಾಯ್ದೆ ಇತ್ತು. ಉತ್ತರ ಬಂದರೆ ಮುಗಿಯಲಿಲ್ಲ. ಒಬ್ಬರ ಉತ್ತರಕ್ಕೆ ಇನ್ನೊಬ್ಬರು ‘ಅಲ್ಲ’ ಅನ್ನಬೇಕು, ಯಾಕೆ ಅಲ್ಲ ಅಂತ ಹೇಳಬೇಕು. ಆಗ ಮುಗಿಯಿತು. ಕಥೆ ಹೇಳಿದವಳು ಮಾತ್ರ ಎರಡರಲ್ಲಿ ಯಾವುದನ್ನೂ ಹೇಳುವಂತಿಲ್ಲ.

ಸುರಪುರದ ಕಾಲೇಜಿನಲ್ಲಿ ನಮಗೆ ತತ್ವಶಾಸ್ತ್ರ ಅಂತ ಒಂದು ವಿಷಯ ಇತ್ತು. ಪುಸ್ತಕ ತೆರೆದಾಗಲೆಲ್ಲ ನನಗೆ ನಮ್ಮ ಪಡಸಾಲೆಯ ವಾಸನೆ ಬರುತ್ತಿತ್ತು. ಮನೆಗೆ ಬಂದು ಹೇಳಿದರೆ ಆಯಿ, “ಅದಕ್ಕ ಪರೀಕ್ಷಾ ಭೀ ಇರತದೇನು? ಪಾಸ ಆದವರು ಆಮ್ಯಾಲ ಏನ ಮಾಡತಾರ?” ಅಂದಿದ್ದಳು.

ಕೆನಾಲು ಬಂದ ಮೇಲೆ ಪಡಸಾಲೆ ಬರಿದಾಯಿತು. ನೀರು ಬಂತು, ಬತ್ತ ಬಂತು, ನಾಟಿ, ಕಳೆ, ಕೊಯ್ಲು, ಮತ್ತೆ ನಾಟಿ. ಯಾರಿಗೂ ಪುರಸೊತ್ತಿಲ್ಲ. ಅದನ್ನು ಯಾರೂ ಕೆಟ್ಟದ್ದು ಅನ್ನಲಿಲ್ಲ, ಆಯಿಯೂ ಅನ್ನಲಿಲ್ಲ. ಕೌದಿ ಹಾಸಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಹೋದ ವರ್ಷ ಶ್ರಾವಣದ ಒಂದು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಅಕ್ಕತಂಗಿಯರ ಕಥೆ ಹೇಳಿದಳು. ನಾನು ಉತ್ತರ ಕೊಡುವುದಕ್ಕೆ ಬಾಯಿ ತೆರೆದರೆ ಕೈ ಅಡ್ಡ ಹಿಡಿದಳು.

“ನೀ ಒಬ್ಬಾಕಿ ಉತ್ತರ ಕೊಟ್ರ ‘ಅಲ್ಲ’ ಅನ್ನೋರು ಯಾರು? ಊರ ಮುಂದ ಹೇಳು ಮಾನಮ್ಮ. ಮುಗಿಸಿ, ನೀನೇ ಕೌದಿ ಝಾಡಸು. ಮಾತ ಕೊಡು.”

ಕೊಟ್ಟೆ. ನಾಲ್ಕನೆಯ ದಿನ ಆಯಿ ಹೋದಳು. ಅವಳ ಹಾಸಿಗೆ, ಸೀರೆ ಎಲ್ಲ ಕೊಟ್ಟುಬಿಟ್ಟರು. ಆ ಕೌದಿಯನ್ನು ಮಾತ್ರ ನಾನು ಎತ್ತಲು ಬಿಡಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಅದು ಹಾಸಿದ್ದ ಹಾಗೇ ಉಳಿಯಿತು. ಅವ್ವ ಅದನ್ನು ಸುತ್ತುಹಾಕಿ ಕಸ ಗುಡಿಸುತ್ತಿದ್ದಳು.

ಹಿಟ್ಟಿನ ಗಿರಣಿಗೆ ಹೋದಾಗ ಅಲ್ಲಿ ಬೀಸಿಸಲು ಬಂದಿದ್ದ ಸಾಯಬಮ್ಮನಿಗೆ ಹೇಳಿದೆ, “ಸೋಮವಾರ ಸಂಜಿಕ್ಕ ಬೇವಿನ ಕಟ್ಟಿಗಿ ಬರ್ರಿ, ಊರ ಮಂದಿಗಿ ಒಂದ ಮಾತ ಕೇಳೋದದ.” ಗಿರಣಿಯಲ್ಲಿ ಹೇಳಿದ ಮೇಲೆ ಬೇರೆ ಯಾರಿಗೂ ಹೇಳಬೇಕಿಲ್ಲ. ಸೋಮವಾರ ನೋಡಿದರೆ ಮೂವತ್ತು ಮಂದಿ. ಆಮೇಲೆ ಕಂಡಿತು: ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಸುರುಳಿ ಸುತ್ತಿದ ಪಹಣಿ. ಕೆನಾಲು ಬಂದಾಗಿನಿಂದ ನಮ್ಮೂರಲ್ಲಿ ಕಟ್ಟೆಗೆ ಕರೆದರೆ ಅದಕ್ಕೆ ಒಂದೇ ಅರ್ಥ. ನೀರಾವರಿಯವರು ಬಂದಿದ್ದಾರೆ, ಹೊಲದ ಕಾಗದ ತೋರಿಸಬೇಕು.

“ಸಾಹೇಬ್ರು ಎಲ್ಲೆವ್ವಾ?” ಅಂದ ದ್ಯಾವಪ್ಪ. ತೂಬಿನ ಮಗ್ಗುಲಿಗೇ ಹೊಲ ಇದ್ದವನು ಅವನು.

“ಸಾಹೇಬ್ರು ಇಲ್ರಿ. ನಾನೇ ಕರದೀನ್ರಿ. ಒಂದ ಬಯಲಿನ್ಯಾಗ ಅಕ್ಕ ತಂಗಿ ಇದ್ರಂತ…”

“ಯಾವ ಊರ ಅಕ್ಕ ತಂಗಿ? ಅವರ ಹೊಲಕ್ಕೂ ನೀರಿನ ಪಾಳಿ ಹಚ್ಯಾರೇನು?”

“ಕಥೀರಿ ಇದು.”

ಯಂಕಣ್ಣ ತನ್ನ ಪಹಣಿಯನ್ನು ಮತ್ತೆ ನಿಧಾನಕ್ಕೆ ಸುರುಳಿ ಸುತ್ತಿದ. “ನಾ ಮತ್ತ ಸ್ಕೀಮ ಅಂತ ತಿಳಕೊಂಡು ಸ್ನಾನ ಮಾಡಿ ಬಂದೀನಿ,” ಅಂದ. ಯಾರೂ ಬೈಯಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು, ಬೈಗುಳಕ್ಕೆ ಎದುರಾಡಲು ಬರುತ್ತದೆ. ಒಬ್ಬೊಬ್ಬರೇ ಎದ್ದು ಹೋದರು. ಕಟ್ಟೆಯ ಮೇಲೆ ಬೇವಿನೆಲೆಯ ಜೊತೆ ನಾನೊಬ್ಬಳೇ ಉಳಿದೆ.

ಆಮೇಲಿನ ತಿಂಗಳುಗಳಲ್ಲಿ ನನಗೊಂದು ಚಟ ಬಿತ್ತು. ರೊಟ್ಟಿ ಬಡಿಯುತ್ತ, ಬಟ್ಟೆ ಒಣಹಾಕುತ್ತ, ನನ್ನೊಳಗೇ ಒಬ್ಬಳು ಉತ್ತರ ಹೇಳುವವಳು, ಒಬ್ಬಳು ‘ಅಲ್ಲ’ ಅನ್ನುವವಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಒಂದೇ ದನಿಯಲ್ಲಿ ಮಾತಾಡತೊಡಗುತ್ತಿದ್ದರು. ತಲೆ ಎತ್ತಿ ನೋಡಿದರೆ ಪಡಸಾಲೆ ಖಾಲಿ, ಮೂಲೆಯಲ್ಲಿ ಕೌದಿ, ಅದರ ನಡುವೆ ಆಯಿ ಕೂತು ಕೂತು ಬಿದ್ದಿದ್ದ ತಗ್ಗು.

ದಸರೆ ಬಂತು. ನಮ್ಮ ಕಡೆ ದಸರೆಯೊಳಗೆ ಮನೆಯ ಅರಿವೆ ಅಂಚಡಿ, ಬಟ್ಟೆ ಹಾಸಿಗೆ ಎಲ್ಲ ಹೊರಗೆ ಬೀಳಬೇಕು, ಒಂದು ಚಿಂದಿಯೂ ಒಗೆಯದೆ ಉಳಿಯಬಾರದು. ಹೋದ ವರ್ಷ ಆಯಿ ತೀರಿಕೊಂಡಿದ್ದರಿಂದ ಮನೆಯಲ್ಲಿ ಹಬ್ಬವಿರಲಿಲ್ಲ, ಕೌದಿ ಉಳಿದುಕೊಂಡಿತು. ಈ ವರ್ಷ ಅವ್ವ ಕೇಳಲಿಲ್ಲ.

“ಮಂಗಳವಾರ ಎಲ್ಲಾ ಕೆನಾಲಿಗಿ. ಅದು ಭೀ.”

“ಅವ್ವಾ, ಅದು ಝಾಡಸದ ಕೌದಿ. ನೀರಿಗಿ ಹಾಕಿದ್ರ ಮಾತ ತಪ್ಪಿದಂಗ.”

“ಒಂದ ವರ್ಷ ತಪ್ಪದಂಗ ಏನ ಮಾಡಿದಿ? ಧೂಳ ಕುಡಿಸಿದಿ.” ಅವ್ವ ಎಂದೂ ಕಥೆಗೆ ಕೂತವಳಲ್ಲ. ಆಯಿ ಕಥೆ ಹೇಳುವಾಗ ಅಡುಗೆಮನೆಯಲ್ಲಿ ಅವಳ ಪಾತ್ರೆಗಳು ಬಹಳ ಸಪ್ಪಳ ಮಾಡುತ್ತಿದ್ದವು.

ಮಂಗಳವಾರ ಕೆನಾಲಿನ ದಂಡೆಯಲ್ಲಿ ಅರ್ಧ ಊರಿನ ಕೌದಿಗಳು. ಹೆಂಗಸರು ಸೀರೆ ಎತ್ತಿ ಕಟ್ಟಿ ಕೌದಿ ತುಳಿಯುತ್ತಿದ್ದರು. ನೆನೆದ ಕೌದಿ ಎಮ್ಮೆಕರುವಿನಷ್ಟು ಭಾರ. ಒಬ್ಬರಿಂದ ಹಿಂಡಲಾಗುವುದಿಲ್ಲ, ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ಎದುರಾಬದುರು ತಿರುವಬೇಕು. ನಾನು ಮಾತ್ರ ಆಯಿಯ ಕೌದಿಯನ್ನು ಎದೆಗವುಚಿಕೊಂಡು ಕಲ್ಲಿನ ಮೇಲೆ ಕೂತಿದ್ದೆ.

ದ್ಯಾವಪ್ಪನ ಹೆಂಡತಿ ಮಲ್ಲಾಬಾಯಿ ನೋಡಿದಳು. “ಯಾಕ ಮಾನಮ್ಮ, ಕೂಸಿಗಿ ನೀರ ಹಚ್ಚಿದ್ರ ಥಂಡಿ ಆಗತದೇನು?”

ಎಲ್ಲರೂ ನಕ್ಕರು. ಪಕ್ಕದಲ್ಲಿ ಮಸ್ತಾನಬಿ ಜೋರಾಗಿ ನಕ್ಕಳು. ಅವಳನ್ನೂ ಮಲ್ಲಾಬಾಯಿ ಬಿಡಲಿಲ್ಲ. “ನಿನಗ್ಯಾವ ದಸರಾ ಬೇ?”

“ದಸರಾ ನಿಮ್ಮದು. ಹೊಲಸು ನಂದೂ ಅದ,” ಅಂದಳು ಮಸ್ತಾನಬಿ.

ಅವರ ಕಾಲುಗಳು ತುಳಿಯುತ್ತಿದ್ದವು, ಕೈ ಬಾಯಿ ಎರಡೂ ಖಾಲಿ ಇದ್ದವು. ಕೌದಿ ತುಳಿದು ಮುಗಿಯುವ ತನಕ ಯಾರೂ ಎದ್ದು ಹೋಗುವಂತಿರಲಿಲ್ಲ. ನಾನು ಕೌದಿಯನ್ನು ಕಲ್ಲಿನ ಮೇಲೆ ಹಾಸಿ ಕೂತೆ. ಯಾರನ್ನೂ ನೋಡದೆ, ನೀರನ್ನು ನೋಡುತ್ತ ಶುರು ಮಾಡಿದೆ. ದನಿ ನನ್ನದೇ ಅನ್ನಿಸಲಿಲ್ಲ. ತಂಬಿಗೆ, ಬಿಸಿಲು, ಬಾಗಿಲು, ಬಾರದ ತಂಗಿ. ಕೊನೆಗೆ ಕೇಳಿದೆ, “ಅಕ್ಕ ತಪ್ಪು ಮಾಡಿದಳೋ, ಇಲ್ಲೋ?”

“ಅದರಾಗೇನದ ತಪ್ಪು?” ಮಲ್ಲಾಬಾಯಿ ತುಳಿಯುವುದನ್ನು ನಿಲ್ಲಿಸಲೂ ಇಲ್ಲ. “ತಂಗಿ ಬರಲಿಲ್ಲ, ಯಾರೂ ಬಾಯಾರಲಿಲ್ಲ. ಇಟ್ಟಿದ್ರ ಇರುವಿ ಬಿದ್ದು ಹೋಗತಿತ್ತು.”

“ಬರೋಬರಿ,” ಅಂದಳು ಸಾಯಬಮ್ಮ.

“ಬರೋಬರಿ ಅದ,” ಅಂದಳು ಮಸ್ತಾನಬಿ.

ಮತ್ತೂ ಇಬ್ಬರು ಹೌದೆಂದರು. ಅಷ್ಟೇ. ಉತ್ತರ ಬಂದಿತ್ತು, ಎಲ್ಲರಿಗೂ ಒಪ್ಪಿಗೆಯಾಗಿತ್ತು. ಮಾತು ಆಗಲೇ ಸೋಪಿನ ಕಡೆ ಹೊರಳಿತ್ತು. ಬೇವಿನ ಕಟ್ಟೆಯಲ್ಲಿ ಎಲ್ಲರೂ ಎದ್ದು ಹೋದಾಗಲೂ ನಾನು ಇಷ್ಟು ಒಂಟಿಯಾಗಿರಲಿಲ್ಲ. ‘ಅಲ್ಲ’ ಎಂಬುದು ನನ್ನಲ್ಲೇ ಇತ್ತು, ಆದರೆ ಕಥೆ ಹೇಳಿದವಳು ನಾನು, ಅದನ್ನು ಆಡುವಂತಿರಲಿಲ್ಲ. ಕೌದಿಯ ತಗ್ಗಿನಲ್ಲಿ ಕೈಯಿಟ್ಟು ಏಳಬೇಕೆಂದುಕೊಂಡೆ.

“ಅಲ್ಲ.”

ಅವ್ವ. ತುಳಿದು ಮುಗಿದ ಮಲ್ಲಾಬಾಯಿಯ ಕೌದಿಯ ಒಂದು ತುದಿ ಈಗ ಅವಳ ಕೈಯಲ್ಲಿತ್ತು, ಇನ್ನೊಂದು ತುದಿ ಮಲ್ಲಾಬಾಯಿಯ ಕೈಯಲ್ಲಿ. ಇಬ್ಬರೂ ತಿರುವಿ ಹಿಂಡುತ್ತಿದ್ದರು.

“ಏನ ಅಲ್ಲ?” ಅಂದಳು ಮಲ್ಲಾಬಾಯಿ.

“ಕುಡಿಯೋ ಹೊತ್ತಿನ್ಯಾಗ ತಂಗಿ ಬರಂಗಿಲ್ಲ ಅಂತ ಆಕಿಗಿ ಗೊತ್ತಿತ್ತೇನು? ಬರತಾಳ ಅಂತ ತಿಳದೇ ಕುಡದಾಳ. ತಂಗಿ ಬರದೇ ಇದ್ದದ್ದು ತಂಗಿ ಮಾಡಿದ ಕೆಲಸ. ಅಕ್ಕ ಮಾಡಿದ್ದು ಅಲ್ಲ.”

ಮಲ್ಲಾಬಾಯಿಯ ಕೈ ನಿಂತಿತು. ಅರ್ಧ ತಿರುವಿದ ಕೌದಿಯಿಂದ ನೀರು ಸುರಿಯುತ್ತಿತ್ತು.

“ಹಂಗಂದ್ರ, ನಮ್ಮ ಮಗ್ಗಲ ಹೊಲದ ಭಾಗಣ್ಣ ಪುಣಾಕ್ಕ ಹೋಗ್ಯಾನ. ಅವನ ಪಾಳಿ ನೀರು ನಾವ ನಮ್ಮ ಹೊಲಕ್ಕ ತಿರುವಿಕೋತೀವಿ. ಅದು ಭೀ ತಪ್ಪ ಅಂತೀದೇನು?”

“ನಾ ನಿನಗ ಅಂದಿಲ್ಲ. ಕಥಿಗಿ ಅಂದೀನಿ.”

“ಕಥಿಗಿ ಅಂದ್ರ ನನಗ್ಯಾಕ ಹತ್ತತು?”

“ಅದನ್ನ ನೀನೇ ನೋಡಕೋ. ಗಟ್ಟಿ ಹಿಡಿ, ಜಾರಾಕತ್ತದ.”

“ಭಾಗಣ್ಣ ಹೇಳಿ ಹೋಗ್ಯಾನೋ, ಹೇಳದೇ ಹೋಗ್ಯಾನೋ?” ಮಸ್ತಾನಬಿ ಕೇಳಿದಳು. “ಹೇಳಿದ್ರ ಬ್ಯಾರೆ ಆಗತದ ನೋಡು.”

“ಅದ್ಹ್ಯಾಂಗ ಬ್ಯಾರೆ ಆಗತದ?” ಅಂತ ಸಾಯಬಮ್ಮ. ಸ್ವಲ್ಪ ಹೊತ್ತಿನ ಹಿಂದೆ ಬರೋಬರಿ ಅಂದವಳು ಅವಳೇ.

ಅವ್ವ ನನ್ನ ಕಡೆ ನೋಡಲಿಲ್ಲ. ಅಡುಗೆಮನೆಯ ಪಾತ್ರೆಗಳ ನಡುವೆ ಎಷ್ಟು ಪ್ರಶ್ನೆಗಳನ್ನು ಅವಳು ಕೇಳಿಸಿಕೊಂಡಿದ್ದಳೋ, ಎಷ್ಟಕ್ಕೆ ಒಬ್ಬಳೇ ‘ಅಲ್ಲ’ ಅಂದುಕೊಂಡಿದ್ದಳೋ. ನೀನೇನಂತಿ ಅಂತ ಅವಳನ್ನು ಆಯಿಯೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾನು ಎದ್ದು ದಂಡೆಯ ಮೇಲಕ್ಕೆ ಹತ್ತಿದೆ, ಅವರ ಮೇಲೆ ಧೂಳು ಬೀಳದಷ್ಟು ದೂರಕ್ಕೆ. ಕೆಳಗಿನಿಂದ ಮಾತು ಕೇಳುತ್ತಲೇ ಇತ್ತು, ಅದಕ್ಕೀಗ ನನ್ನ ಅಗತ್ಯವಿರಲಿಲ್ಲ. ಕೌದಿಯ ಎರಡು ತುದಿ ಹಿಡಿದು ಎತ್ತಿದೆ. ಒಂದು ವರ್ಷದ ಧೂಳು, ಒಂದೆರಡು ಜೋಳದ ಕಾಳು, ಆಯಿಯ ಒಂದು ಅಡಿಕೆ ಹೋಳು. ಗಾಳಿಗೆ ಬೆನ್ನು ಕೊಟ್ಟು, ಒಮ್ಮೆ ಝಾಡಿಸಿದೆ.