ಉಡಿಯೊಳಗಿನ ಮಣ್ಣು

ನೆದರ್ಲೆಂಡ್ಸ್‌ನ ಈ ಹಳೆಯ ಬಟ್ಟೆ ಗಿರಣಿಗಳ ಊರಿಗೆ ನಾನು ಮಗಳು ವೈಷ್ಣವಿಯ ಹೆರಿಗೆಗೆಂದು ಬಂದೆ. ಮನೆಯ ಎದುರಿಗೇ ಉದ್ಯಾನ. ನೂರೈವತ್ತು ವರ್ಷದ ಹಿಂದೆ ಗಿರಣಿ ಮಾಲೀಕನೊಬ್ಬ ಕೆಲಸಗಾರರಿಗಾಗಿ ಮಾಡಿಸಿದ್ದಂತೆ. ತೋಟಗಾರ ಹೆಂಕ್ ನನ್ನನ್ನು ಕಂಡರೆ ಸಾಕು, ಒದ್ದೆ ಬೆಂಚನ್ನು ಒರೆಸಿಕೊಡುತ್ತಿದ್ದ.

ಕೊಳದ ಬಳಿ ದಿನಾ ಮಧ್ಯಾಹ್ನ ಒಬ್ಬಳು ನಿಂತಿರುತ್ತಿದ್ದಳು. ಎಳೆಯ ಮುಖ, ಬೂದು ಲಂಗ. ಸೊಂಟಕ್ಕೆ ಕಟ್ಟಿದ ಏಪ್ರನ್ನಿನ ಎರಡೂ ತುದಿ ಹಿಡಿದು ಮುಂದಕ್ಕೆ ಒಡ್ಡಿರುತ್ತಿದ್ದಳು. ಬಾತುಕೋಳಿಗೆ ಕಾಳು ತಂದಿರಬೇಕೆಂದು ಬಗ್ಗಿ ನೋಡಿದೆ. ಖಾಲಿ.

ನಮ್ಮ ಗದಗಿನ ಕಡೆ ಹೆಣ್ಣುಮಗಳು ಒಡ್ಡಿದ ಉಡಿಯನ್ನು ಬರಿದು ಬಿಡುವುದಿಲ್ಲ. ಶುಕ್ರವಾರ ಐದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು ಒಯ್ದು ತುಂಬಿದೆ. ಅಷ್ಟು ಅಕ್ಕಿ ಬಿದ್ದರೂ ಬಟ್ಟೆ ಜಗ್ಗಲಿಲ್ಲ. ಉಡಿ ತುಂಬಿಸಿಕೊಂಡವಳು ನಾಲ್ಕು ಕಾಳು ತಿರುಗಿ ಕೊಡುವುದು ರೂಢಿ. ಯಾರೂ ಹೇಳದೆ ಆಕೆಯೂ ನನ್ನ ಸೆರಗಿಗೆ ಒಂದು ಹಿಡಿ ಹಾಕಿದಳು. ಮನೆಗೆ ಬಂದು ಗಂಟು ಬಿಚ್ಚಿದರೆ ಕಪ್ಪು ಹಸಿ ಮಣ್ಣು.

"ಡಚ್ ಹೆಣ್ಮಗಳಿಗೆ ಉಡಿ ತುಂಬಿ ಬಂದೀಯೇನವ್ವಾ? ನಾಳೆ ಪೊಲೀಸರು ಬರ್ತಾರ ನೋಡು!" ಎಂದು ವೈಷ್ಣವಿ ನಕ್ಕಳು. ನಗುತ್ತಲೇ ಹೊಟ್ಟೆ ಹಿಡಿದುಕೊಂಡಳು. "ಅವ್ವಾ, ಕೂಸು ಮುಂಜಾನಿಂದ ಒದ್ದೇ ಇಲ್ಲ."

ಸೂಲಗಿತ್ತಿಗೆ ಫೋನ್ ಮಾಡಿದೆವು. ಈಗಲೇ ಹೊರಟೆ ಎಂದಳು. ಆ ಮಣ್ಣನ್ನು ಮನೆಯೊಳಗೆ ಇಟ್ಟುಕೊಳ್ಳಲು ನನಗೆ ಧೈರ್ಯವಾಗಲಿಲ್ಲ. ಅಳಿಯ ರವಿಕಿರಣರನ್ನು ಮಗಳ ಬಳಿ ಕೂರಿಸಿ ಉದ್ಯಾನಕ್ಕೆ ಓಡಿದೆ.

ಸೆರಗಿನ ಗಂಟು ಬಿಚ್ಚಿ, ಆಕೆ ನಿಲ್ಲುತ್ತಿದ್ದ ಜಾಗ ತೋರಿಸಿದೆ. ಹೆಂಕ್ ಮಣ್ಣು ನೋಡಿ ಟೊಪ್ಪಿಗೆ ತೆಗೆದ. ತನಗೆ ಬರುವ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ಕೊಳ ತೋಡುವಾಗ ಗಿರಣಿಯ ಹೆಂಗಸರು ಏಪ್ರನ್ನಿನಲ್ಲಿ ಮಣ್ಣು ಹೊತ್ತರಂತೆ. ತುಂಬು ಬಸುರಿಯೊಬ್ಬಳಿಗೆ ನೋವು ಬಂದರೂ ಮೇಸ್ತ್ರಿ ಹೊರೆ ಇಳಿಸಲು ಬಿಡಲಿಲ್ಲವಂತೆ. ತಾಯಿ, ಕೂಸು ಇಬ್ಬರೂ ಉಳಿಯಲಿಲ್ಲ.

"ನಾನೂ ಆಕೆಯನ್ನು ಕಂಡಿದ್ದೇನೆ," ಎಂದ. "ಏನಾದರೂ ಕೊಡಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ."

ಅವನು ನನ್ನ ಮೊಣಕೈ ಹಿಡಿದುಕೊಂಡ. ನಾನು ಬಗ್ಗಿ ಮಣ್ಣನ್ನು ನೀರಂಚಿಗೆ ಸುರಿದೆ. "ಹೊತ್ತಿದ್ದು ಸಾಕವ್ವಾ," ಎಂದೆ. ಆಕೆ ನಿಲ್ಲುತ್ತಿದ್ದಲ್ಲಿ ಹುಲ್ಲು ಮಾತ್ರ ಇತ್ತು.

ಫೋನ್ ಬಂತು. ರವಿಕಿರಣರು.

"ಅತ್ತಿ, ಕೂಸು ಒದೀಲಿಕ್ಕತ್ತೈತ್ರಿ."

"ಸೂಲಗಿತ್ತಿ ಬಂದಳೇನು?"

"ಇಲ್ರಿ, ಇನ್ನೂ ದಾರ್ಯಾಗ ಅದಾಳ. ಏಪ್ರನ್ ಕಟ್ಟಿಕೊಂಡ ಹುಡುಗಿ ಒಬ್ಬಾಕಿ ವೈಷ್ಣವಿ ಹೊಟ್ಟಿ ಮ್ಯಾಲೆ ಕೈ ಇಟ್ಟಾಳ. ಆಕಿ ಕೈ ಇಟ್ಟ ಮ್ಯಾಲೇ ಒದ್ದದ್ದು. ಅತ್ತಿ, ಬಾಗಿಲಾ ನಾವು ಯಾರೂ ತಗದಿಲ್ಲರಿ. ಏನ್ ಮಾಡ್ಲಿ?"

ಹೆಂಕ್ ನನ್ನ ಮೊಣಕೈ ಬಿಟ್ಟಿರಲಿಲ್ಲ.

"ಹೊರಗ ಹಾಕಬ್ಯಾಡ್ರಿ," ಎಂದೆ. "ಉಡಿ ತುಂಬೀನಿ, ಈಗ ಆಕಿ ನಮ್ಮ ಮನಿ ಮಗಳು. ಮದಲ ಕೂಡಲಿಕ್ಕೆ ಕುರ್ಚಿ ಕೊಡ್ರಿ."