ಕಲ್ಲಮ್ಮನವರ ಎಡಗೈ ಅಳತೆ

ಅಜ್ಜಂಪುರದ ಖಾಸಿಂ ಸಾಬ್ ಕೈ ಹಿಡಿದರೆ ಬಳೆಯ ಅಳತೆ ತಪ್ಪುವುದಿಲ್ಲ ಎಂದು ಕಡೂರಿನವರೆಗೂ ನನಗೆ ಹೆಸರಿದೆ. ಆ ಹೆಸರನ್ನು ಕಲ್ಲಮ್ಮ, ಮಗಳು ತನುಜಾಳ ಸೀಮಂತದಲ್ಲಿ, ಐವತ್ತು ಹೆಂಗಸರ ಮುಂದೆ ಮಣ್ಣುಪಾಲು ಮಾಡಿದರು.

ಕಲ್ಲಮ್ಮನವರ ಬಲಗೈಗೆ ಬಳೆ ಸಲೀಸಾಗಿ ಹೋಯಿತು. ಎಡಗೈಗೆ ಅದೇ ಅಳತೆಯದು ಹೆಬ್ಬೆರಳಿನ ಬುಡವನ್ನೇ ದಾಟಲಿಲ್ಲ.

"ಏನ್ ಸಾಬ್ರೇ, ಸಣ್ ಬಳೆ ತಂದು ತಲೆಗೆ ಕಟ್ತಾ ಇದೀರಾ?"

ನನಗೆ ಮೈಯೆಲ್ಲ ಉರಿಯಿತು. "ಬಳೆ ಸರಿಯಾಗೈತೆ ಕಣಮ್ಮ. ನಿಮ್ ಕೈ ಊದೈತೆ."

"ಊದಿಲ್ಲ, ಮೈ ತುಂಬೈತೆ. ಊರೋರೆಲ್ಲ ಚೆನ್ನಾಗಾಗಿದೀಯ ಅಂತಾರೆ, ನೀವೊಬ್ರು."

ಕಲ್ಲಮ್ಮ ವಾರಕ್ಕೆ ಮೂರು ದಿನ ತರೀಕೆರೆಗೆ ಡಯಾಲಿಸಿಸ್‌ಗೆ ಹೋಗುವವರು. ಮೊದಲು ನಾಲ್ಕು ತಿಂಗಳು ಕತ್ತಿನ ಎಡಗಡೆ ಪೈಪು ಇತ್ತು. ಆಮೇಲೆ ಎಡಗೈಯಲ್ಲಿ ರಕ್ತನಾಳ ಜೋಡಿಸಿ ಸೂಜಿಗೆ ದಾರಿ ಮಾಡಿದರು. ಆ ಕೈ ಕೆಟ್ಟರೆ ಮತ್ತೆ ಕತ್ತಿಗೆ ಪೈಪು. ಆ ಭಯಕ್ಕೇ, ಅಲ್ಲಿನ ನರ್ಸ್ ಸಂಗೀತಾ ಊತದ ಬಗ್ಗೆ ಕೇಳಿದಾಗ, ನಮ್ಮ ವಂಶದ ಕೈಗಳೇ ದಪ್ಪ ಎಂದು ಸಾಗಹಾಕಿದ್ದರಂತೆ.

ನಾನು ಬಿಡುತ್ತೇನೆಯೇ? ಬಳೆ ತಪ್ಪೋ ಕೈ ತಪ್ಪೋ ಡಾಕ್ಟರೇ ಹೇಳಲಿ ಎಂದು ಮರುದಿನ ಅವರ ಜೊತೆಗೇ ಬಸ್ಸು ಹತ್ತಿದೆ.

ಡಾಕ್ಟರ್ ಅಮೂಲ್ಯಾ ಎರಡೂ ಕೈಗೆ ಟೇಪು ಹಿಡಿದರು. ಎಡಗೈ ಎರಡು ಇಂಚು ಹೆಚ್ಚು. ನಾನು ಎದೆಯುಬ್ಬಿಸಿ ಸರದಿಯಲ್ಲಿ ಕೂತವರನ್ನೆಲ್ಲ ನೋಡಿದೆ.

"ಕತ್ತಿಗೆ ಹಾಕಿದ್ದ ಪೈಪು ಉಜ್ಜಿ ಉಜ್ಜಿ ಎದೆ ಒಳಗಿನ ದೊಡ್ಡ ರಕ್ತನಾಳ ಕಿರಿದಾಗಿದೆ. ಕೈಗೆ ಹೋದ ರಕ್ತ ವಾಪಸ್ ಬರೋಕೆ ಜಾಗ ಇಲ್ಲ. ಇನ್ನೂ ಮುಚ್ಚಿಟ್ಟಿದ್ರೆ ಈ ಕೈ ಕಳ್ಕೋತಿದ್ರಿ" ಎಂದರು ಡಾಕ್ಟರ್.

ಕಲ್ಲಮ್ಮನವರ ಮುಖ ಬಿಳಿಚಿತು. ನನ್ನ ಗೆಲುವು ನನಗೇ ಬೇಡವಾಯಿತು.

ಶಿವಮೊಗ್ಗದಲ್ಲಿ ನಾಳದೊಳಗೆ ಸಣ್ಣ ಬಲೂನು ತೂರಿಸಿ, ಉಬ್ಬಿಸಿ ಅಗಲ ಮಾಡಿದರು. ಹದಿನೈದು ದಿನಕ್ಕೆ ಊತ ಇಳಿಯಿತು. ನೋಡಲು ಹೋದರೆ ಕಲ್ಲಮ್ಮ ಎಡಗೈ ಚಾಚಿದರು.

"ಈಗ ಹೋಗುತ್ತೆ, ಹಾಕಿ ಸಾಬ್ರೇ."

"ಹಾಕಲ್ಲ. ಆ ಕೈಗೆ ಇನ್ಮೇಲೆ ಬಳೆ ಬೇಡ, ಸೂಜಿ ಚುಚ್ಚೋ ನಾಳ ಒತ್ತುತ್ತೆ ಅಂದವ್ರೆ ಡಾಕ್ಟ್ರು."

"ಮುತ್ತೈದೆ ಕೈ ಬರಿದು ಬಿಡ್ತೀರಾ? ನೀವೆಂಥಾ ಬಳೆಗಾರರು?"

"ನನ್ನನ್ನ ಬೈಯೋಕಾದ್ರೂ ನೀವು ಇರ್ಬೇಕು ಕಣಮ್ಮ."

ಅವರು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆಮೇಲೆ ಬಲಗೈ ಮುಂದೆ ಮಾಡಿ, "ಹಂಗಾದ್ರೆ ಎರಡು ಡಜನ್ನೂ ಇದಕ್ಕೇ ಹಾಕಿ" ಎಂದರು. ಮೊಣಕೈವರೆಗೂ ಏರಿಸಿದೆ. ಅಷ್ಟೂ ಹೊತ್ತು ಅವರು ಬೈಯುತ್ತಲೇ ಇದ್ದರು, ನಾನು ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ.