ಹದಿನಾಲ್ಕನೇ ಗೆರೆಯ ಕೆಳಗೆ

ಈ ಕುರ್ಚಿ ಕಿರ್ರೆನ್ನುತ್ತದೆ, ಎದ್ದರೆ ಸಭೆಯಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ, ಇಪ್ಪತ್ನಾಲ್ಕು ವರ್ಷದವಳ ಚಿಂತೆ ನೋಡು, ಕುರ್ಚಿ — ಬೆಳಿಗ್ಗೆ ಡೈರಿಯಲ್ಲಿ ಬರೆದುಕೊಂಡೇ ಬಂದೆ, ಇವತ್ತು ಹೇಳುತ್ತೇನೆ ಎಂದು, ಕಾಗದದ ಮೇಲೆ ನಾನು ಮಹಾ ಧೈರ್ಯವಂತೆ. ಪರದೆಯ ಮೇಲೆ ನನ್ನ ನಕ್ಷೆ ಬೆಳಗುತ್ತಿದೆ, ಹಿಮನದಿಯನ್ನು ಉದ್ದಕ್ಕೆ ಸೀಳಿ ನಿಲ್ಲಿಸಿದ ಹಾಗೆ, ಮೇಲೆ ಮಂಜುಗಡ್ಡೆ, ಕೆಳಗೆ ಬಂಡೆ, ನಡುವೆ ನಾನೆಳೆದ ಕೆಂಪು ಗೆರೆ. ನಮ್ಮ ವಿಭಾಗದ ದೊಡ್ಡವರು ಎಂಜಿನಿಯರಿಗೆ ವಿವರಿಸುತ್ತಿದ್ದಾರೆ, ನೋಡಿ ಸಾರ್, ಮೇಲಿಂದ ರೇಡಿಯೋ ಅಲೆ ಬಿಡ್ತೀವಿ, ಬಂಡೆಗೆ ಬಡಿದು ವಾಪಸ್ ಬರುತ್ತೆ, ಎಷ್ಟು ಹೊತ್ತಾಯ್ತು ಅಂತ ನೋಡಿದ್ರೆ ಗಡ್ಡೆ ಎಷ್ಟು ದಪ್ಪ ಅಂತ ಗೊತ್ತಾಗುತ್ತೆ, ಅಷ್ಟೇ. ಅಷ್ಟೇ ಅಲ್ಲ. ಕಣಿವೆಯ ಗೋಡೆಯೂ ಮರುದನಿ ಕೊಡುತ್ತದೆ, ಗೋಡೆ ಹತ್ತಿರವಿದ್ದರೆ ಅದೇ ಮೊದಲು ಕೂಗುತ್ತದೆ, ಜೋರಾಗಿ, ತಳದ ಬಂಡೆ ಆಮೇಲೆ, ಮೆಲ್ಲಗೆ, ನನ್ನ ಹಾಗೆ — ನಾನೋ, ನಾನೇ, ಜೋರಾಗಿ ಕೂಗಿದ್ದನ್ನು ನಂಬಿದೆ. ಹಿಮದ ಮೇಲೆ ಅಡ್ಡಡ್ಡ ನಡೆದು ಅಳೆದ ಗೆರೆಗಳಲ್ಲಿ ಹದಿನಾಲ್ಕನೆಯದು, ಅಲ್ಲಿ ಬಂಡೆ ನೂರ ನಲವತ್ತು ಮೀಟರ್ ಆಳದಲ್ಲಿ ಎಂದು ಗುರುತು ಹಾಕಿದೆ. ಅದನ್ನು ಅಡ್ಡ ಹಾಯುವ ಉದ್ದನೆಯ ಗೆರೆ ಅದೇ ಜಾಗದಲ್ಲಿ ಇನ್ನೂರ ಅರವತ್ತು ಎಂದಿತು, ಒಂದೇ ಜಾಗಕ್ಕೆ ಎರಡು ಆಳ ಇರುವುದುಂಟೇ, ಉದ್ದನೆಯದನ್ನೇ ಮೇಲಕ್ಕೆಳೆದು ಹೊಂದಿಸಿಬಿಟ್ಟೆ, ಸಂಜೆ ಐದೂವರೆ, ಬಸ್ಸು ತಪ್ಪೀತೆಂದು, ಒಂದು ಬಸ್ಸಿಗಾಗಿ. ಮಂಗಳವಾರ ಮತ್ತೆ ತೆರೆದು ನೋಡಿದರೆ ಕೆಂಪಿನ ಕೆಳಗೆ ಪೆನ್ಸಿಲಿನಲ್ಲಿ ಬರೆದು ಅಳಿಸಿದಂಥ ಮಸುಕು ಗೆರೆ, ಬಾಗಿ ಇಳಿದು ಮತ್ತೆ ಏರಿದ್ದು, ಬಟ್ಟಲು. ಇಲ್ಲಿಂದಲೂ ಕಾಣುತ್ತಿದೆ, ನನಗೊಬ್ಬಳಿಗೆ.

ಅಮ್ಮ ಪಾತ್ರೆ ಉಜ್ಜುವ ಹಿತ್ತಲಿನ ಕಲ್ಲು, ಅವಳು ಮದುವೆಯಾಗಿ ಬಂದಾಗ ಹಲಗೆಯ ಹಾಗೆ ಚಪ್ಪಟೆಯಾಗಿತ್ತಂತೆ, ಈಗ ನಡುವೆ ಅಂಗೈಯಗಲದ ಕುಳಿ, ಅದರಲ್ಲಿ ನೀರು ನಿಂತಿರುತ್ತದೆ — ಸವೆಸಿದ್ದು ಅಮ್ಮನ ಕೈಯಲ್ಲ, ಕೈಯಡಿಯ ಮರಳು. ಮಂಜುಗಡ್ಡೆಯೂ ಹಾಗೇ, ಹೊಟ್ಟೆಯಡಿ ಕಲ್ಲುಚೂರು ಕಚ್ಚಿ ಹಿಡಿದು ಇಂಚಿಂಚೇ ಜಾರುತ್ತ ಸಾವಿರಾರು ವರ್ಷ ಉಜ್ಜುತ್ತದೆ, ಬೆಟ್ಟವನ್ನು ಬಟ್ಟಲು ಮಾಡುತ್ತದೆ, ಗಡ್ಡೆ ಕರಗಿ ಹಿಂದೆ ಸರಿದ ದಿನ ಬಟ್ಟಲ ತುಂಬ ನೀರು, ಅದನ್ನು ತಡೆದು ನಿಲ್ಲಿಸಲು ಗಡ್ಡೆಯೇ ತಳ್ಳಿ ತಂದ ಜಲ್ಲಿಮಣ್ಣಿನ ದಿಬ್ಬವೊಂದೇ, ಅದು ಒಡೆದರೆ — ಮೇಜಿನ ಮೇಲೆ ಎಂಜಿನಿಯರ್ ತಂದಿಟ್ಟ ರಟ್ಟಿನ ಮನೆಗಳು, ಬೆಂಕಿಪೊಟ್ಟಣದಷ್ಟು, ಇನ್ನೂರು ಕೆಲಸಗಾರರ ಸಂಸಾರಕ್ಕಂತೆ, ಸರಿಯಾಗಿ ಆ ದಿಬ್ಬದ ಕೆಳಗೆ, ಬಾಗಿಲು ಕೂಡ ಬಿಡಿಸಿದ್ದಾರೆ, ಒಂದೊಂದಕ್ಕೂ. ಎದುರಿಗೆ ಸರ್ವೇಯರಣ್ಣ ಆಕಳಿಸುತ್ತಿದ್ದಾನೆ, ಅಲೆ ಬಿಡುವ ಯಂತ್ರ ಹೊತ್ತು ಹಿಮದ ಮೇಲೆ ಹತ್ತೊಂಬತ್ತು ದಿನ ನಡೆದವನು, ಎರಡು ಕಾಲುಗುರು ಅಲ್ಲೇ ಬಿಟ್ಟು ಬಂದವನು, ಏನಮ್ಮಾ ಮೌನಗೌರಿ, ನನ್ನ ಉಗುರಿಗಾದರೂ ಮರ್ಯಾದೆ ಕೊಟ್ಟು ಗೆರೆ ನೆಟ್ಟಗೆ ಎಳೀ ತಾಯಿ, ಅಂದಿದ್ದ, ನಕ್ಕಿದ್ದೆ. ನಗುವುದು ಬರುತ್ತದೆ ನನಗೆ, ತಲೆಯಾಡಿಸುವುದು ಬರುತ್ತದೆ. ನಮ್ಮ ಹುಡುಗೀಗೆ ಬಾಯೇ ಇಲ್ಲ ಕಣ್ರೀ, ಅಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು, ಎಷ್ಟು ಹೆಮ್ಮೆಯಿಂದ. ಹೇಳಿದರೆ ಏನಾದೀತು, ಮುಂದಿನ ತಿಂಗಳು ಖಾಯಂ ಆಗಬೇಕಾದ ಕೆಲಸ ಹೋದೀತು, ದೊಡ್ಡವರು ಎಲ್ಲರೆದುರು, ನಿನ್ನನ್ನ ನಂಬಿದೆನಲ್ಲಮ್ಮಾ ಅಂದಾರು, ಬೈದರೆ ತಡೆದುಕೊಳ್ಳಬಲ್ಲೆ, ಅದೊಂದು ಮಾತು — ಎಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದರು, ಹಾಗಾದ್ರೆ ಮನೆ ಕಟ್ಟೋಕೆ ಸಹಿ ಹಾಕ್ಲಾ, ಅಡಿಯಲ್ಲಿ ಗುಂಡಿಗಿಂಡಿ ಏನೂ ಇಲ್ಲ ತಾನೆ? ಇಲ್ವೇ ಇಲ್ಲ ಸಾರ್, ನಮ್ಮ ಹುಡುಗಿ ಕೂದಲೆಳೆಯಷ್ಟೂ ತಪ್ಪು ಮಾಡಲ್ಲ, ಅಲ್ವೇನಮ್ಮಾ? ಎಲ್ಲರೂ ಈ ಕಡೆ, ಕತ್ತು ತಾನಾಗಿಯೇ ಬಗ್ಗುತ್ತಿದೆ, ರೂಢಿ, ಒಂದೇ ಒಂದು ಸಲ ತಲೆಯಾಡಿಸಿದರೆ ಮುಗಿಯಿತು, ಐದೂವರೆಯ ಬಸ್ಸು, ಆ ಪುಟ್ಟ ಬಾಗಿಲುಗಳು, ಹಿತ್ತಲಿನ ಕಲ್ಲು, ಕಲ್ಲಿನ ನಡುವೆ ಕುಳಿ, ಕುಳಿಯಲ್ಲಿ ನೀರು, ನೀರು ಅಲುಗುತ್ತಿಲ್ಲ, ಅಂಚಿನವರೆಗೆ ಬಂದು ನಿಂತಿದೆ, ನೀರು — ಕುರ್ಚಿ ಕಿರ್ರೆಂದಿತು.

ಇದೆ ಸಾರ್. ಗುಂಡಿ ಇದೆ. ಮುಚ್ಚಿದ್ದು ನಾನು.